ನಾಲ್ಕು ಎಳೆತ

ನನ್ನ ಅಣ್ಣನ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ. ಸಿಲಿಂಡರ್ ಇತ್ತು, ಮಾಸ್ಕ್ ಇತ್ತು, ಹನ್ನೊಂದು ವರ್ಷದ ಕೆಲಸ ಇತ್ತು. ಬಂದರಿನಲ್ಲಿ ಯಾವ ದೋಣಿಯ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡರೂ, ಯಾರ ಲಂಗರು ಕೆಸರಿನಲ್ಲಿ ಸಿಕ್ಕಿಕೊಂಡರೂ ಅವನಿಗೇ ಕರೆ ಬರುತ್ತಿತ್ತು. ಅವಸರವೆಂಬುದೇ ಗೊತ್ತಿಲ್ಲದವನು, ಎಲ್ಲರೂ ಆಮೆ ಎನ್ನುತ್ತಿದ್ದರು. ಅವನು ನೀರಿನ ಕೆಳಗೆ, ನಾನು ಮೇಲೆ ಸಣ್ಣ ದೋಣಿಯಲ್ಲಿ. ನಡುವೆ ಒಂದು ಹಗ್ಗ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ನನ್ನ ಕೈಯಲ್ಲಿ.

ಹಗ್ಗದ ಸನ್ನೆಗಳನ್ನು ನಾವೇ ಮಾಡಿಕೊಂಡಿದ್ದೆವು. ಒಂದು ಎಳೆತ ಅಂದರೆ ಹೇಗಿದ್ದೀಯ. ಎರಡು ಅಂದರೆ ಚೆನ್ನಾಗಿದ್ದೇನೆ. ಮೂರು ಎಳೆದರೆ ಹಗ್ಗ ಸಡಿಲ ಬಿಡಬೇಕು. ನಾಲ್ಕು ಅಂದರೆ ಮೇಲೆ ಯಾರೋ ಇಂಜಿನ್ ಹಾಕುತ್ತಿದ್ದಾರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಬಾ. ನಾಲ್ಕನ್ನು ನಾನು ಒಮ್ಮೆಯೂ ಎಳೆದಿರಲಿಲ್ಲ.

ಅಣ್ಣನಿಗೆ ಮುಳುಗಲು ಕಲಿಸಿದ್ದು ಅಪ್ಪ. ಅಪ್ಪ ಚಿಪ್ಪು ಆಯುತ್ತಿದ್ದವನು, ಸಿಲಿಂಡರ್ ಕಂಡವನಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು ಇಳಿಯುವುದು, ತಲೆ ನೀರಿನಿಂದಾಚೆ ಬರುವವರೆಗೆ ಬಾಯಿ ಬಿಗಿಹಿಡಿಯುವುದು, ಅಷ್ಟೇ ಅವನ ವಿದ್ಯೆ. ಉಸಿರು ಬಿಟ್ಟೆಯೋ ಸತ್ತೆ ಎಂದು ಹೇಳಿ ಹೇಳಿ ಆರು ವರ್ಷದ ಅಣ್ಣನನ್ನು ನೀರಿಗೆ ತಳ್ಳುತ್ತಿದ್ದ. ಸಿಲಿಂಡರ್ ಬಳಸುವುದನ್ನು ಅಣ್ಣ ತಾನೇ ಕಲಿತ.

ಮುಂದಿನ ತಿಂಗಳಿಂದ ಸರ್ಟಿಫಿಕೇಟ್ ಇಲ್ಲದವರು ನೀರಿಗಿಳಿಯುವಂತಿಲ್ಲ ಎಂದು ಬಂದರಿನ ಕಚೇರಿಯವರು ಗೋಡೆಗೆ ನೋಟಿಸ್ ಅಂಟಿಸಿದರು.

"ಮೀನಿಗೆ ಈಜು ಕಲಿಸೋಕೆ ಹೊರಟಿದ್ದಾರೆ," ಎಂದ ಅಣ್ಣ, ಊಟಕ್ಕೆ ಕೂತು.

"ಮೀನಿಗೆ ಹೆಂಡ್ತಿ ಇರಲ್ಲ. ನಿಮಗೆ ನಾನಿದ್ದೀನಿ," ಎಂದಳು ಅತ್ತಿಗೆ. "ಸುಮ್ನೆ ಹೋಗಿ ಕಲೀರಿ."

"ಐದು ದಿನ ಡೈವಿಂಗ್ ಪಾಠ ಹೇಳೋ ಆ ಹುಡುಗಿ ಮುಂದೆ ಬೆಂಚಿನ ಮೇಲೆ ಕೂತ್ಕೋಬೇಕಾ? ನಾನು ನೀರಿಗೆ ಬಿದ್ದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು."

"ಬೆಂಚಿನ ಮೇಲೆ ಕೂತು ಸತ್ತೋರನ್ನ ನಾನಂತೂ ನೋಡಿಲ್ಲ."

ಅವನು ನಕ್ಕ. ಅತ್ತಿಗೆ ನಗಲಿಲ್ಲ. ಕೊನೆಗೆ ತರಬೇತಿಯ ಫಾರಂ ತರಲು ನನ್ನನ್ನು ಕಳಿಸಿದರು.

ನಾನು ಹೋದಾಗ ತರಗತಿ ನಡೆಯುತ್ತಿತ್ತು. ಮುಗಿಯುವವರೆಗೆ ಕೂತಿರಿ ಎಂದಳು ಟೀಚರ್. ಈಜುಕೊಳದ ದಂಡೆಯಲ್ಲಿ ಒಂದು ಗಂಟೆ ಕೂತೆ. ಅವಳು ತಳಕ್ಕಿಳಿದು, ಸಿಲಿಂಡರಿನ ಗಾಳಿಯಿಂದ ಒಂದು ಬಲೂನು ಬಿಗಿಯಾಗಿ ತುಂಬಿ, ಬಾಯಿ ಕಟ್ಟಿ, ಕೈಬಿಟ್ಟಳು. ಮೇಲೇರುತ್ತ, ನೀರಿನ ಒತ್ತಡ ಕಡಿಮೆಯಾದಂತೆ, ಅದು ಉಬ್ಬಿತು. ನೀರಿನಿಂದ ಹೊರಗೆ ಬರುವ ಮೊದಲೇ ಒಡೆಯಿತು.

"ನಿಮ್ಮ ಶ್ವಾಸಕೋಶನೂ ಹೀಗೇ," ಎಂದಳು ಮೇಲೆ ಬಂದು. "ಸಿಲಿಂಡರ್ ಗಾಳಿ ಎಳ್ಕೊಂಡು, ಬಾಯಿ ಮುಚ್ಕೊಂಡು ಮೇಲೆ ಬಂದ್ರೆ ಕಥೆ ಮುಗೀತು. ಉಸಿರು ಬಿಡ್ತಾ ಬಿಡ್ತಾ ಬನ್ನಿ. ಮೇಲಿರೋರಿಗೂ ಅಷ್ಟೇ, ಗುಳ್ಳೆ ನಿಂತ್ರೆ ಏನೋ ಆಗಿದೆ ಅಂತ ತಿಳ್ಕೊಳ್ಳಿ."

ಅಪ್ಪನ ಪಾಠ ಇದಕ್ಕೆ ತದ್ವಿರುದ್ಧವಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ.

"ಒಂದು ಗಂಟೆ ಕೂತು ಬಂದಳು, ಪಂಡಿತೆ ಆಗ್ಬಿಟ್ಟಳು," ಎಂದ ಅಣ್ಣ. "ನಾನು ಹಗ್ಗ ಹಿಡ್ಕೊಂಡು ಉಸಿರಾಡ್ತಾ ನಿಧಾನಕ್ಕೆ ಬರ್ತೀನಲ್ಲೇ. ಇಷ್ಟು ವರ್ಷ ಏನಾದ್ರೂ ಒಡೆದಿದ್ಯಾ?"

"ಅವಸರ ಬಿದ್ರೆ?"

"ನಂಗೆ ಯಾವತ್ತು ಅವಸರ ಬಿದ್ದಿದೆ?"

"ಬಿದ್ರೆ ಅಂತ ಕೇಳ್ತಿದ್ದೀನಿ. ಆಗ ಬಾಯಿ ಬಿಡ್ತೀಯೋ, ಅಪ್ಪ ಹೇಳಿದ ಹಾಗೆ ಮುಚ್ತೀಯೋ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿ, ಫಾರಂ ಎಳೆದುಕೊಂಡು ಸಹಿ ಹಾಕಿದ. "ಸೋಮವಾರದಿಂದ ಹೋಗ್ತೀನಿ. ಶನಿವಾರ ಒಂದು ಕೆಲಸ ಒಪ್ಕೊಂಡಿದ್ದೀನಿ. ಮಾತು ಕೊಟ್ಟಾಗಿದೆ."

ಕೆಲಸ ಜನ ಸಾಗಿಸುವ ದೊಡ್ಡ ದೋಣಿಯದು. ಅದನ್ನು ಕಟ್ಟಿದ್ದ ಸರಪಳಿಯ ಕೊಂಡಿ ತಳದಲ್ಲಿ, ನಲವತ್ತು ಅಡಿ ಆಳದಲ್ಲಿ, ಸವೆದಿತ್ತು. ಅದನ್ನು ಬದಲಿಸಬೇಕು. ಇಂಜಿನ್ ಮುಟ್ಟಬೇಡಿ ಎಂದು ಅಣ್ಣ ಚಾಲಕನಿಗೆ ಬಾಯಲ್ಲಿ ಹೇಳಿದ. "ಮುಟ್ಟಲ್ಲ ಬಿಡಪ್ಪ ಆಮೆ," ಎಂದ ಅವನು. ಬೀಗದ ಕೈ ಇಂಜಿನಿನಲ್ಲೇ ಇತ್ತು. ನಮ್ಮ ಪದ್ಧತಿಯೇ ಅದು, ಬಾಯಿಮಾತು.

ಬೆಳಿಗ್ಗೆ ಹತ್ತಕ್ಕೆ ಅವನು ಇಳಿದ. ಗುಳ್ಳೆಗಳು ದೊಡ್ಡ ದೋಣಿಯ ಕಡೆಗೆ ಸರಿದುಹೋಗಿ, ಅದರ ಅಡಿಯಲ್ಲಿ ಮರೆಯಾದವು. ಚಪ್ಪಟೆ ತಳದ ದೋಣಿಯ ಕೆಳಗೆ ಹೋದಾಗ ಗುಳ್ಳೆ ಇನ್ನೊಂದು ಬದಿಯಲ್ಲಿ ಏಳುತ್ತವೆ. ಅದು ನನಗೆ ಗೊತ್ತಿತ್ತು. ನೂರು ಸಲ ನೋಡಿದ್ದೆ. ನೂರು ಸಲವೂ ಆರಾಮಾಗಿ ಕೂತಿದ್ದೆ.

ಆ ದಿನ ಕೂರಲಾಗಲಿಲ್ಲ. ನೀರು ಎಣ್ಣೆಯ ಹಾಗೆ ನಿಂತಿತ್ತು. ಗುಳ್ಳೆ ನಿಂತ್ರೆ ಏನೋ ಆಗಿದೆ. ಎಣಿಸತೊಡಗಿದೆ. ಇನ್ನೂರಕ್ಕೆ ಬಂದಾಗ ಹಗ್ಗವನ್ನು ಒಂದು ಸಲ ಎಳೆದೆ. ಉತ್ತರ ಬರಲಿಲ್ಲ. ಎರಡು ಕೈಗೂ ಕೆಲಸವಿದ್ದರೆ ಅವನು ತಡವಾಗಿ ಉತ್ತರಿಸುತ್ತಿದ್ದ, ಅದೂ ಗೊತ್ತಿತ್ತು. ಮತ್ತೆ ಎಳೆದೆ. ಏನೂ ಇಲ್ಲ. ದೊಡ್ಡ ದೋಣಿಯ ಆಚೆ ಬದಿ ನೋಡಲು ಹುಟ್ಟು ಹಾಕಿದರೆ ಹಗ್ಗ ಬಿಗಿಯುತ್ತದೆ. ಮುನ್ನೂರ ಹತ್ತು. ಒಡೆದ ಬಲೂನಿನ ರಬ್ಬರ್ ಚೂರು ನೀರಿನ ಮೇಲೆ ತೇಲುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ನಾಲ್ಕು ಸಲ ಎಳೆದೆ.

ಎಳೆದ ಮರುಗಳಿಗೆಯೇ ನನ್ನ ತಪ್ಪು ನನಗೆ ತಿಳಿಯಿತು. ಸುಮ್ಮನೆ ಮೇಲೆ ಬಾ ಎನ್ನಲು ನಮ್ಮಲ್ಲಿ ಸನ್ನೆಯೇ ಇರಲಿಲ್ಲ. ನಾನು ಅವನಿಗೆ ಹೇಳಿದ್ದು, ತಲೆಯ ಮೇಲೆ ಪ್ರೊಪೆಲ್ಲರ್ ತಿರುಗಲಿದೆ ಎಂದು.

ಹಗ್ಗ ಸಡಿಲವಾಯಿತು. ದೋಣಿಯ ನೆರಳಿನಿಂದ ಅವನು ಹೊರಬರುವುದು ಕಂಡಿತು, ಕೆಳಗೆ, ಮಸುಕಾಗಿ. ಎರಡೂ ಕಾಲು ಬಡಿಯುತ್ತಿದ್ದವು. ಆಮೆ ಬಾಣದ ಹಾಗೆ ಬರುತ್ತಿದ್ದ. ಅವನ ಸುತ್ತ ಒಂದೇ ಒಂದು ಗುಳ್ಳೆ ಇರಲಿಲ್ಲ.

"ಉಸಿರು ಬಿಡೋ!" ಎಂದು ನೀರಿಗೆ ಬಾಗಿ ಕಿರುಚಿದೆ. ನೀರಿನೊಳಗಿರುವವನಿಗೆ ಎಲ್ಲಿ ಕೇಳಬೇಕು.

ತಲೆ ಹೊರಬಂತು. ಕೆನ್ನೆ ಉಬ್ಬಿದ್ದವು. ಬಾಯಿಯ ಕೊಳವೆ ಉಗುಳಿ ನಮ್ಮ ದೋಣಿಯ ಅಂಚು ಹಿಡಿದ.

"ಯಾವನೇ ಅವನು ಇಂಜಿನ್ ಹಾಕಿದ್ದು?"

"ಯಾರೂ ಹಾಕಿಲ್ಲ ಅಣ್ಣ. ಗುಳ್ಳೆ ಕಾಣಲಿಲ್ಲ. ಹೆದರಿಕೆ ಆಯ್ತು."

"ಥೂ, ಕತ್ತೆ," ಎಂದ. ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಕೈ ಚಾಚಿದೆ. ಅವನು ಇನ್ನೇನೋ ಹೇಳಲು ಹೊರಟ. ಬಾಯಿ ಒಂದು ಬದಿಗೆ ಸೊಟ್ಟಗಾಯಿತು. ತುಟಿಯಲ್ಲಿ ಕೆಂಪು ನೊರೆ ಕಂಡಿತು. ಅಂಚು ಹಿಡಿದಿದ್ದ ಬಲಗೈ ಜಾರಿತು. ಅದು ಜಾರಿದ್ದು ಅವನಿಗೇ ತಿಳಿಯಲಿಲ್ಲ. ಅದನ್ನು ಬೇರೆ ಯಾರದೋ ಕೈಯಂತೆ ನೋಡುತ್ತಿದ್ದ.

ಇಂಥವರನ್ನು ಮಲಗಿಸುವ ಒತ್ತಡದ ಕೋಣೆಯಿದ್ದ ಆಸ್ಪತ್ರೆ ನಾಲ್ಕು ಗಂಟೆಯ ದಾರಿ. ಶ್ವಾಸಕೋಶ ಹರಿದು, ಗಾಳಿ ರಕ್ತ ಸೇರಿ, ಮಿದುಳಿಗೆ ಹೋಗಿದೆ ಎಂದರು ವೈದ್ಯರು.

"ಅಷ್ಟೊಂದು ಅವಸರದಲ್ಲಿ ಯಾಕೆ ಬಂದ್ರು?" ಎಂದು ಕೇಳಿದರು.

ಅತ್ತಿಗೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನು ಕರೆದೆ," ಎಂದೆ.

ಅತ್ತಿಗೆ ನನ್ನ ಮುಖ ನೋಡಲಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ಕೂತು, ಅವನ ಒದ್ದೆ ಅಂಗಿಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ಹದಿನೇಳನೆಯ ದಿನ ಮನೆಗೆ ಕಳಿಸಿದರು. ಹೋದದ್ದು ಇಷ್ಟು: ಒಂದು ಬಲಗೈ, ಒಂದು ಬಲಗಾಲು, ಮೂರು ಪದಗಳನ್ನು ಬಿಟ್ಟು ಉಳಿದ ಮಾತೆಲ್ಲ.