ನೀರು ಕಾಣದ ಗಡಿಯಾರ

ನಮ್ಮಪ್ಪ ವೆಂಕಟಸುಬ್ಬಯ್ಯನವರಿಗೆ ಈಜು ಬರುತ್ತಿರಲಿಲ್ಲ. ಸಮುದ್ರವನ್ನು ನೋಡಿದ್ದು ಮದರಾಸಿನಲ್ಲಿ, ಅದೂ ಪಂಚೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು. ಆದರೂ ಪೀಣ್ಯದ ನಮ್ಮ ಮನೆಯ ಬೀರುವಿನಲ್ಲಿ, ಕಡಲ ತಳಕ್ಕೆ ಇಳಿಯುವವರು ಕಟ್ಟಿಕೊಳ್ಳುವ ಹಳೆಯ ಸ್ವಿಸ್ ಗಡಿಯಾರಗಳಿದ್ದವು. ಮದರಾಸಿನ ಬಂದರಿನ ಹತ್ತಿರದ ಸಂದಿಗಳಲ್ಲಿ ಹಡಗಿನವರಿಂದ ಕೊಂಡು ತಂದವು. ಇನ್ನೂರು ಮೀಟರ್ ಆಳದಲ್ಲೂ ಒಂದು ತೊಟ್ಟು ನೀರು ಒಳಗೆ ಹೋಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಊಟಕ್ಕೆ ಕೈ ತೊಳೆಯುವಾಗ ಮಾತ್ರ ಬಿಚ್ಚಿ ಅಮ್ಮನ ಕೈಗೆ ಕೊಡುತ್ತಿದ್ದರು.

ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಲು ತಮ್ಮನ್ನು ಬಿಟ್ಟರೆ ಬೆಂಗಳೂರಿನಲ್ಲೇ ಯಾರೂ ಇಲ್ಲ ಎಂದು ಅವರ ನಂಬಿಕೆ. ಯಾರ ಮಣಿಕಟ್ಟು ಕಂಡರೂ ಗಡಿಯಾರ ಬಿಚ್ಚಿಸಿ, ಕಿವಿಗಿಟ್ಟು, ಬೆಳಕಿಗೆ ಹಿಡಿದು, ಆಮೇಲೆ ಕಂಬಳಿ ಹೊದ್ದು ಕತ್ತಲೆಯಲ್ಲಿ ಅಂಕಿಗಳು ಹೊಳೆಯುತ್ತವೆಯೇ ಎಂದು ನೋಡುತ್ತಿದ್ದರು. ಹೊರಗೆ ಬಂದು “ಡೂಪ್ಲಿಕೇಟು ಕಣ್ರೀ” ಎನ್ನುವಾಗ ಅವರ ಮುಖದಲ್ಲಿ ಅರಳುತ್ತಿದ್ದ ಸಂತೋಷ, ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗಲೂ ಅರಳಿರಲಿಲ್ಲ.

ಎಂಬತ್ತೆರಡರಲ್ಲಿ ಸುಬ್ರಹ್ಮಣ್ಯನ ಮನೆಯವರು ನನ್ನನ್ನು ನೋಡಲು ಬಂದರು. ಹೆಣ್ಣು ನೋಡುವ ಶಾಸ್ತ್ರ ಹೆಸರಿಗಷ್ಟೆ. ಮಾಕಳಿ ಕಡೆಯ ಕಾರ್ಖಾನೆಯಲ್ಲಿ ಇಬ್ಬರಿಗೂ ಕೆಲಸ. ಬಸ್ಸಿನಲ್ಲಿ ಮಾತಾಡಿ ಮಾತಾಡಿ ನಾವೇ ನಿಶ್ಚಯ ಮಾಡಿಕೊಂಡು, ಯಾರ ಬಾಯಲ್ಲೋ ಹೇಳಿಸಿ ಜಾತಕ ಕಳಿಸಿದ್ದೆವು. “ಯಾರೇನೇ ಅಂದ್ರೂ ನಾನಿದೀನಿ ವತ್ಸಲಾ, ನಿನ್ನ ಬಿಡಲ್ಲ” ಎಂದು ಬಸ್ಸಿನ ಕಂಬಿ ಹಿಡಿದುಕೊಂಡು ಎಷ್ಟು ಸಲ ಹೇಳಿದ್ದನೋ. ನನಗೂ ಅವನೇ ಬೇಕಾಗಿತ್ತು.

ಕೇಸರಿಭಾತಿನ ತಟ್ಟೆ ಹಿಡಿದು ನಾನು ನಡುಮನೆಗೆ ಬಂದಾಗ ಅಪ್ಪ ಹುಡುಗನನ್ನು ನೋಡುತ್ತಿರಲಿಲ್ಲ. ಹುಡುಗನ ತಂದೆ ಅನಂತರಾಮಯ್ಯನವರ ಎಡಗೈ ನೋಡುತ್ತಿದ್ದರು. ಅಲ್ಲೂ ಅಂಥದ್ದೇ ಒಂದು ದಪ್ಪ ಗಡಿಯಾರ! ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಲಿ ದೇವರೇ ಎಂದುಕೊಂಡೆ.

“ಸ್ವಲ್ಪ ಬಿಚ್ಚಿ ಕೊಡ್ತೀರಾ?” ಎಂದರು ಅಪ್ಪ.

“ನಿಮ್ಮದೂ ತನ್ನಿ, ನೋಡೇಬಿಡೋಣ” ಎಂದರು ಬೀಗರಾಗಬೇಕಾದವರು.

ಕಂಬಳಿ ಬಂತು. ಮಟಮಟ ಮಧ್ಯಾಹ್ನ, ಇಬ್ಬರು ಹಿರಿಯರು ಚಾಪೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೇ ಕಂಬಳಿ ಹೊದ್ದುಕೊಂಡರು. ಅಷ್ಟು ದೊಡ್ಡ ಗಂಡಸರ ಆ ಅವತಾರ ನೋಡಿ ನನಗೆ ಮೈ ಉರಿಯಿತು. ಒಳಗಿನಿಂದ ಮೊದಲು ಅಪ್ಪನ ದನಿ ಕೇಳಿಸಿತು.

“ನಿಮ್ಮದು ಹೊಳೀತಾನೇ ಇಲ್ವಲ್ರೀ. ಡೂಪ್ಲಿಕೇಟು.”

“ಹಳೇ ಬಣ್ಣ ಸತ್ತೋಗಿರತ್ತೆ ಸ್ವಾಮಿ, ಅದೇ ಅಸಲಿ. ನಿಮ್ಮದು ದೀಪಾವಳಿ ಥರ ಹೊಳೀತಿದೆ. ಮೊನ್ನೆಮೊನ್ನೆ ಬಳಿದಿರೋದು.”

ಕೂದಲು ಕೆದರಿಕೊಂಡು, ಬೆವರು ಸುರಿಸಿಕೊಂಡು ಹೊರಗೆ ಬಂದರು. ಇಬ್ಬರ ಮುಖವೂ ಕೆಂಪಗಾಗಿತ್ತು. ಅಮ್ಮ ಅಡುಗೆಮನೆಯಿಂದ ನೀರು ತುಂಬಿದ ಬಿಂದಿಗೆ ತಂದು ನಡುವೆ ಕುಕ್ಕಿದಳು. “ನೀರಿಗೆ ಹಾಕ್ಬಿಡಿ. ಯಾರದು ಅಸಲಿ ಅಂತ ಗೊತ್ತಾಗತ್ತೆ.”

ಇಬ್ಬರೂ ತಂತಮ್ಮ ಗಡಿಯಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಒಬ್ಬರೂ ಹಾಕಲಿಲ್ಲ. ಬದಲಿಗೆ ಅನಂತರಾಮಯ್ಯ ಎದ್ದು ನಿಂತು, “ಏಳೋ ಸುಬ್ಬು. ಮನೆಗೆ ಬಂದವರನ್ನ ನಕಲಿ ಮಾಲಿನವರು ಅನ್ನೋರ ಸಂಬಂಧ ನಮಗೆ ಬೇಡ” ಎಂದರು.

ನಾನು ಸುಬ್ರಹ್ಮಣ್ಯನನ್ನೇ ನೋಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ತಟ್ಟೆಯಲ್ಲಿ ಉಳಿದಿದ್ದ ಕೇಸರಿಭಾತನ್ನು ಬಾಯಿಗೆ ಹಾಕಿಕೊಂಡು ಚಪ್ಪಲಿ ಹುಡುಕಲು ಹೋದ. ಅಪ್ಪನಿಗೆ ಅದೂ ಕಾಣಲಿಲ್ಲ. ಗೆದ್ದವರಂತೆ ಗಡಿಯಾರ ಒರೆಸುತ್ತಿದ್ದರು.

ಸೋಮವಾರ ಬಸ್ ಸ್ಟಾಪಿನಲ್ಲಿ ಅವನೇ ಹತ್ತಿರ ಬಂದ. “ಅಪ್ಪನ ಕೋಪ ಇಳೀಲಿ ವತ್ಸಲಾ, ನಿಧಾನಕ್ಕೆ ಮಾತಾಡ್ತೀನಿ.” ಅವನ ಮಣಿಕಟ್ಟಿನಲ್ಲಿ ಆ ಗಡಿಯಾರವಿತ್ತು. ನಾನು ನೋಡಿದ್ದು ಕಂಡು ನಾಚಿಕೊಂಡ. “ಬೇಜಾರ್ ಮಾಡ್ಕೋಬೇಡ ಅಂತ ಅಪ್ಪ ಕೊಟ್ರು. ನಿಮ್ಮಪ್ಪ ಏನೇ ಅನ್ಲಿ, ಅಸಲಿ ಕಣೇ ಇದು. ಇನ್ನೂರು ಮೀಟರ್.”

ಅಷ್ಟರಲ್ಲಿ ಹನಿ ಬಿತ್ತು. ಸುಬ್ರಹ್ಮಣ್ಯ ಗಡಬಡಿಸಿ ಗಡಿಯಾರ ಬಿಚ್ಚಿದ, ಕರ್ಚೀಫಿನಲ್ಲಿ ಸುತ್ತಿದ, ಊಟದ ಚೀಲದ ಬುಡಕ್ಕೆ ತಳ್ಳಿ ಚೀಲವನ್ನು ಎದೆಗೆ ಅವುಚಿಕೊಂಡ. ನನ್ನ ತಲೆ, ಸೆರಗು ಎಲ್ಲ ತೊಯ್ಯುತ್ತಿರುವುದು ಅವನ ಗಮನಕ್ಕೇ ಬರಲಿಲ್ಲ. ಥೇಟ್ ನಮ್ಮಪ್ಪ! ಇಂಥದೇ ಇನ್ನೊಂದನ್ನು ಕಟ್ಟಿಕೊಳ್ಳಲು ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆನಲ್ಲ ಎಂದು ನಗು ಬಂತು.

ಬಸ್ಸು ಬಂತು. “ಸೀಟು ಹಿಡ್ಕೊಂಡಿರು” ಎಂದ. ಹತ್ತಿ ಕೂತೆ. ದಿನಾ ಅದೇ ಬಸ್ಸಿಗೆ ಬರುತ್ತಿದ್ದ, ಸೊಪ್ಪಿನ ಬುಟ್ಟಿ ಹೊತ್ತು ನಿಂತಿದ್ದ ಅಂಜಿನಮ್ಮನನ್ನು ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ.