ಬೋಲ್ಟೆಯ ಕೊನೆಯ ಎಣಿಕೆ

"ಗಂಟಲು ಕಟ್ಟಿದೆ ಅನ್ನೋದನ್ನ ಮರೀಬೇಡ. ಯಾರು ಏನೇ ಕೇಳಿದ್ರೂ ಬಾಯಿ ಬಿಡ್ಬೇಡ," ಎಂದು ಆಲ್ವಿನ್ ಹೆಂಡತಿಯ ಕೊರಳಿಗೆ ಬಟ್ಟೆ ಸುತ್ತಿದ.

"ಮದುವೆಯಾದಾಗಿಂದ ನೀನು ಕಾಯ್ತಿದ್ದದ್ದು ಇದಕ್ಕೇ ತಾನೆ?" ಎಂದಳು ಹೆಡ್ವಿಗ್. ಅವನಿಗೆ ನಗು ಬರಲಿಲ್ಲ.

ಸತ್ತ ಸಿಪಾಯಿಯೊಬ್ಬನ ಸಮವಸ್ತ್ರ ಅವಳ ಮೈಮೇಲೆ ಜೋಲುತ್ತಿತ್ತು. ಕೂದಲನ್ನು ಆಲ್ವಿನ್ನೇ ಬೆಳಿಗ್ಗೆ ಕತ್ತರಿಸಿದ್ದ. ಜರ್ಮನಿ ಯುದ್ಧ ಸೋತಾಗಿತ್ತು. ಎದುರಿಗೆ ಎಲ್ಬೆ ನದಿ, ಅದರ ಮುರಿದ ಸೇತುವೆ, ಆಚೆ ದಡದಲ್ಲಿ ಅಮೆರಿಕನ್ನರು. ಬೆನ್ನ ಹಿಂದೆ, ಫಿರಂಗಿ ಸದ್ದು ಕೇಳುವಷ್ಟು ಹತ್ತಿರದಲ್ಲಿ ರಷ್ಯನ್ನರು. ಶರಣಾದ ಜರ್ಮನ್ ಸೈನಿಕರನ್ನಷ್ಟೇ ದಾಟಿಸುತ್ತೇವೆ, ಊರ ಜನರನ್ನಲ್ಲ ಎಂದು ಅಮೆರಿಕನ್ನರು ಖಡಾಖಂಡಿತವಾಗಿ ಹೇಳಿದ್ದರು. ಪೂರ್ವದ ಊರುಗಳಿಂದ ಕೈಗಾಡಿ ತಳ್ಳಿಕೊಂಡು ಬಂದ ಹೆಂಗಸರು, ಮಕ್ಕಳು ಹುಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. ರಷ್ಯನ್ನರು ಬಂದರೆ ಹೆಂಗಸರ ಗತಿ ಏನೆಂದು ಹೆಡ್ವಿಗ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ನೋಡಿಯೇ ಬಂದಿದ್ದಳು. ತಮ್ಮವರು ಅವರ ನಾಡಿಗೆ ಹೋಗಿ ಏನೇನು ಮಾಡಿದ್ದರೆಂಬುದು ಆಲ್ವಿನ್‌ಗೆ ಗೊತ್ತಿತ್ತು. ಅದೆಲ್ಲ ಈಗ ಈ ಹೆಂಗಸರ ತಲೆಗೆ ಸುತ್ತಿಕೊಂಡಿತ್ತು.

ಸಮವಸ್ತ್ರ ಹುಡುಕಿಕೊಟ್ಟವನು ಆಲ್ವಿನ್‌ನ ತುಕಡಿಯ ಸಾರ್ಜೆಂಟ್ ಬೋಲ್ಟೆ. ಬಾಯಿ ಗಡಸು, ಮನಸ್ಸು ಮೆತ್ತಗೆ. "ಕುರಿಮಂದೆ ಥರ ನುಗ್ಗೋದು ಬೇಡ ಕಣ್ರೋ. ಸೋತ್ರೂ ಸಾಲಾಗೇ ಸೋಲೋಣ," ಎಂದ.

ಬಂದೂಕುಗಳನ್ನು ರಾಶಿಗೆ ಎಸೆದು ಎಲ್ಲರೂ ಸಾಲು ನಿಂತರು. ಸೇತುವೆಯ ಬಾಯಲ್ಲಿ ಕಾವಲಿದ್ದ ಅಮೆರಿಕನ್ ಚೂಯಿಂಗ್ ಗಮ್ ಜಗಿಯುತ್ತ, ಸರಿಯಾಗಿ ನೋಡದೆಯೇ ಹೋಗಿ ಎಂದು ಕೈ ಬೀಸಿದ. ಸುಮ್ಮನೆ ಹೊರಟಿದ್ದರೆ ಮುಗಿದುಹೋಗುತ್ತಿತ್ತು.

ಆದರೆ ಬೋಲ್ಟೆಯದು ಅರ್ಧ ಆಯುಷ್ಯದ ಅಭ್ಯಾಸ. ಎಣಿಕೆಯಾಗದೆ ಅವನ ಸಾಲು ಎಂದೂ ಹೆಜ್ಜೆ ಎತ್ತಿದ್ದಿಲ್ಲ. "ಎಣಿಕೆ ಕೂಗಿ!" ಎಂದು ಗರ್ಜಿಸಿಯೇಬಿಟ್ಟ. ಗರ್ಜಿಸಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ "ಒಂದು!" "ಎರಡು!" ಎಂದು ಸಾಲು ಶುರುಮಾಡಿಯಾಗಿತ್ತು.

"ಹನ್ನೊಂದು!" ಎಂದ ಆಲ್ವಿನ್. ತಕ್ಷಣ ದನಿ ದಪ್ಪ ಮಾಡಿ, ಹೆಂಡತಿಯ ಪಾಲಿನ "ಹನ್ನೆರಡು!" ಅನ್ನೂ ತಾನೇ ಕೂಗಿದ. ಸುಮ್ಮನಿದ್ದರೆ ತನ್ನಿಂದ ಎಲ್ಲರೂ ಸಿಕ್ಕಿಬೀಳುತ್ತಾರೆಂದು ಹೆದರಿದ ಹೆಡ್ವಿಗ್ ಅದೇ ಗಳಿಗೆಯಲ್ಲಿ "ಹನ್ನೆರಡು!" ಎಂದಳು. ಎಷ್ಟು ಅದುಮಿದರೂ ಅದು ಹೆಂಗಸಿನ ದನಿ.

ಅಮೆರಿಕನ್ ಜಗಿಯುವುದನ್ನು ನಿಲ್ಲಿಸಿದ. ಬಂದು ಅವಳ ಕೊರಳ ಬಟ್ಟೆ ಬಿಚ್ಚಿದ, ಒರಟಾಗೇನೂ ಅಲ್ಲ. "ಹೆಂಗಸರು ಇಲ್ಲ," ಎಂದ. ಅವನಿಗೆ ಬರುತ್ತಿದ್ದ ಜರ್ಮನ್ ಅಷ್ಟೇ.

"ತಪ್ಪು ನಂದು ಸ್ವಾಮಿ, ನನ್ನ ಹಿಡ್ಕೊಳ್ಳಿ, ಅವಳ್ನ ಬಿಟ್ಬಿಡಿ," ಎಂದು ಬೋಲ್ಟೆ ಅಂಗಲಾಚಿದ. ಅಮೆರಿಕನ್ ಆಗದೆಂದು ತಲೆಯಾಡಿಸಿ ಅವಳನ್ನು ಹುಲ್ಲಿನ ಕಡೆಗೆ ತಿರುಗಿಸಿದ.

"ನಾನೂ ಇಲ್ಲೇ ಇರ್ತೀನಿ," ಎಂದ ಆಲ್ವಿನ್.

"ಇದ್ದು? ನಿನ್ನ ಸೈಬೀರಿಯಾಕ್ಕೆ ಎಳ್ಕೊಂಡು ಹೋಗ್ತಾರೆ. ಆಗ್ಲೂ ನಾನು ಒಬ್ಬಳೇ," ಎಂದಳು ಹೆಡ್ವಿಗ್. "ಹೋಗು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ ಕಣೋ."

ಹಿಂದಿನ ಸಾಲುಗಳು ಬೈಯತೊಡಗಿದವು. ಬೋಲ್ಟೆ ಕಣ್ಣೊರೆಸಿಕೊಂಡು, "ಮುಂದೆ ನಡಿ!" ಎಂದ.

ಇರುವುದೋ ಹೋಗುವುದೋ ಎಂದು ಆಲ್ವಿನ್ ಇನ್ನೂ ತೀರ್ಮಾನಿಸಿರಲಿಲ್ಲ. ಅವನ ಎಡಗಾಲು ಆಗಲೇ ಮುಂದಿತ್ತು. ಆಮೇಲೆ ಬಲಗಾಲು. ಸೇತುವೆಗೆ ಹಾಸಿದ್ದ ಹಲಗೆ ಒಬ್ಬರಿಗಷ್ಟೇ ಅಗಲ, ತಿರುಗಲು ಜಾಗವಿಲ್ಲ. ಹೆಡ್ವಿಗ್‌ಳ ಆಚೆ ನಿಂತಿದ್ದವನು ಅವಳ ಜಾಗಕ್ಕೆ ಬಂದು, ಇವನ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದ.