ದಾರ ನೆಟ್ಟಗಾಗುವಷ್ಟು ಗಾಳಿ

ಅಲ್ಲಾಡುತ್ತಿದೆ, ಬರೀ ಅಲ್ಲಾಡುತ್ತಿದೆ ಕೆಂಪು ದಾರ, ನಿದ್ದೆಗಣ್ಣಿನ ನಾಯಿ ಬಾಲ ಆಡಿಸುವ ಹಾಗೆ, ಅರ್ಧ ಮನಸ್ಸಿನಿಂದ — ಕಂಪ್ಯೂಟರ್ ಡಬ್ಬದ ಬೆನ್ನನ್ನು ನನ್ನ ಕಡೆ ತಿರುಗಿಸಿಕೊಂಡಿದ್ದೇನೆ, ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಹೊರಬರುವ ಕಿಂಡಿಗೆ ಗೇಣುದ್ದದ ದಾರ ಕಟ್ಟಿದ್ದೇನೆ, ಅಜ್ಜಿಯ ಹೊಲಿಗೆ ಡಬ್ಬಿಯದು, ದಾರ ಯಾತಕ್ಕೆ ಅಂದಳು ಅಜ್ಜಿ, ಗಾಳಿ ನೋಡೋಕೆ ಅಂದೆ, ಗಾಳಿ ನೋಡಬೇಕಾದ್ರೆ ಕಿಟಕಿ ತೆಗಿ ಮಗು, ದಾರ ಯಾಕೆ ದಂಡ ಮಾಡ್ತೀಯ ಅಂದಳು, ಆದರೂ ಕೊಟ್ಟಳು, ಈಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ದಿಂಬಿನ ಚೀಲದ ಅಂಚು ಹೊಲಿಯುತ್ತಾ ಕೂತಿದ್ದಾಳೆ, ಸೂಜಿಗೆ ದಾರ ಪೋಣಿಸಿ ಕೊಟ್ಟದ್ದು ನಾನೇ, ದಿನಾ ಬೆಳಗ್ಗೆ ನಾನೇ, ಅವಳ ಕಣ್ಣಿಗೆ ಸೂಜಿಯ ಕಣ್ಣು ಕಾಣುವುದಿಲ್ಲ — ತೆರೆಯ ಮೂಲೆಯಲ್ಲಿ ಎಂಬತ್ತು, ಎಂಬತ್ತೊಂದು, ಡಿಗ್ರಿ, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಡಬ್ಬದ ನೆತ್ತಿ ಮುಟ್ಟುತ್ತೇನೆ, ಕೈ ಹಿಂದಕ್ಕೆ ಬರುತ್ತದೆ, ಇನ್ನೇನು ತೆರೆ ಕಪ್ಪಾಗುತ್ತದೆ, ಗೊತ್ತು, ಬೆಳಗಿನಿಂದ ನಾಲ್ಕು ಸಲ ಆಗಿದೆ, ಪ್ರತಿಸಲವೂ ಅದೇ ಜಾಗದಲ್ಲಿ, ನನ್ನ ಚಿತ್ರದಲ್ಲಿ ಮುದಿ ಕೈಯೊಂದು ಸೂಜಿಗೆ ದಾರ ಪೋಣಿಸುತ್ತದೆ, ಎರಡೇ ನಿಮಿಷ, ಅಷ್ಟೇ ಕಥೆ, ಸಾವಿರಾರು ಬಿಡಿಚಿತ್ರಗಳನ್ನು ಒಂದಾದ ಮೇಲೊಂದು ಈ ಕಾರ್ಡೇ ಬಿಡಿಸಬೇಕು, ಕೈ ಬರುತ್ತದೆ, ಬೆರಳ ಸುಕ್ಕು ಬರುತ್ತದೆ, ಸೂಜಿಯ ಕಣ್ಣು ತೆರೆಯ ತುಂಬ ದೊಡ್ಡದಾಗುತ್ತದೆ, ಅದರಾಚೆಯಿಂದ ಬೆಳಕು, ದಾರದ ಒಂದೊಂದು ಎಳೆಯ ಮೇಲೂ ಬೆಳಕು, ಕಾರ್ಡಿಗೆ ಅತಿ ಭಾರದ ಜಾಗ ಅದು, ಅಲ್ಲಿಗೆ ಬಂದದ್ದೇ ಸಾಯುತ್ತದೆ, ದಾರ ಒಳಗೆ ಹೋಗುವುದೇ ಇಲ್ಲ — ಇಗೋ, ಎಂಬತ್ತೆಂಟು, ತೊಂಬತ್ತು, ಕಪ್ಪು. ಐದನೆಯ ಸಲ.

ಇವತ್ತು ಸಂಜೆಯೊಳಗೆ ಕಳಿಸಿ ಎಂದು ಬರೆದಿದ್ದಾರೆ ಅನಿಮೇಷನ್ ಸ್ಟುಡಿಯೋದವರು, ಚಿತ್ರ ನೋಡಿ ಕೆಲಸ ಕೊಡುವುದು ಬಿಡುವುದು ಹೇಳುತ್ತೇವೆ, ಸಂದರ್ಶನ ಇಲ್ಲ, ಮೇಜಿನಾಚೆ ಮೂರು ಜನ ಕೂತು ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಅನ್ನುವುದಿಲ್ಲ, ಡಿಗ್ರಿ ಮುಗಿದಂದಿನಿಂದ ಅಂಥ ಎಷ್ಟು ಮೇಜುಗಳ ಮುಂದೆ ನನ್ನ ನಾಲಿಗೆ ಒಣಗಿದೆಯೋ, ಸ್ವಲ್ಪ ಜೋರಾಗಿ ಹೇಳಮ್ಮ, ಕೇಳಿಸ್ತಿಲ್ಲ, ಹೊರಗೆ ಬಂದ ಮೇಲೆ ಮಾತ್ರ ಎಲ್ಲ ಉತ್ತರವೂ ಸಾಲಾಗಿ ಬರುತ್ತಿದ್ದವು, ಡೈರಿಯಲ್ಲಿ ನನ್ನಷ್ಟು ವಾಚಾಳಿ ಇನ್ನೊಬ್ಬಳಿಲ್ಲ — ಇದೊಂದು ಮಾತಿಲ್ಲದ ಕೆಲಸ, ನನಗೆಂದೇ ಹುಟ್ಟಿದ್ದು, ಇದೂ ಕೈತಪ್ಪಿದರೆ ಮತ್ತೆ ಆ ಮೇಜುಗಳು — ಯಂತ್ರವನ್ನು ಮತ್ತೆ ಶುರು ಮಾಡುತ್ತೇನೆ, ತಣ್ಣಗಾಗಲಿ, ಊಟವಾದ ಮೇಲೆ ಬಿಡಿಭಾಗದವನು ಬರುತ್ತಾನೆ, ಹಳೆಯ ಕಂಪ್ಯೂಟರ್ ಬಿಚ್ಚಿ ತುಂಡುತುಂಡಾಗಿ ಮಾರುವವನು, ಅಣ್ಣನೇ ಕರೆಸಿದ್ದು, ಅಣ್ಣ ಈ ಮನೆಯ ಸರ್ವಜ್ಞ, ಕಟ್ಟಡದ ನಕ್ಷೆ ಬರೆಯುವ ಕಚೇರಿಯಲ್ಲಿದ್ದಾನೆ, ಈ ಯಂತ್ರ ಅವನದ್ದೇ ಆಗಿತ್ತು, ವಿಂಡೋಸ್ ತೆಗೆದು ಲಿನಕ್ಸ್ ಹಾಕಿ ನನಗೆ ಕೊಟ್ಟವನೂ ಅವನೇ, ಕಾರ್ಡು ಸತ್ತಿದೆ ಪಿಸಪಿಸ, ಒಪ್ಕೋ, ನಾನು ಮಾತಾಡಿದರೆ ಗಾಳಿಯಷ್ಟೇ ಬರುತ್ತದೆಂದು ಅವನಿಟ್ಟ ಹೆಸರು ಪಿಸಪಿಸ, ಸತ್ತಿದ್ದನ್ನ ಅವನು ತಗೊಂಡು ಹೋಗ್ತಾನೆ, ಬದಲಿಗೊಂದು ಚಿಕ್ಕ ಕಾರ್ಡು ಕೊಡ್ತಾನಂತೆ, ಮೇಲ್ ನೋಡೋಕೆ ಸಾಕು, ಅಂದ ನಿನ್ನೆ, ಮೇಲ್ ನೋಡೋಕೆ ಸಾಕು, ಚಿತ್ರಕ್ಕಲ್ಲ, ನಾನು ಹ್ಞೂಂ ಅಂದೆ, ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಬರುವುದು ಹ್ಞೂಂ, ಅದು ಒಪ್ಪಿಗೆಯಲ್ಲ, ಬಾಗಿಲು ಹಾಕಿಕೊಳ್ಳುವ ಸದ್ದು, ಅದು ಯಾರಿಗೂ ಗೊತ್ತಿಲ್ಲ.

ಯಂತ್ರ ಎದ್ದಿದೆ, ದಾರ ಮತ್ತೆ ಅಲ್ಲಾಡುತ್ತಿದೆ, ಅದೇ ಅರ್ಧ ಮನಸ್ಸು — ಅರ್ಧ, ಅರ್ಧ ಯಾಕೆ, ಫ್ಯಾನು ಫುಲ್ಲಲ್ಲಿದೆ ಅಂದಿದ್ದನಲ್ಲ ಅಣ್ಣ, ಹೋದ ತಿಂಗಳು ಡಬ್ಬ ಬಿಚ್ಚಿ ಬಣ್ಣದ ಬ್ರಷ್ಷಿನಿಂದ ಧೂಳು ತೆಗೆದ, ಮುಷ್ಟಿಯಷ್ಟು ಬೂದು ಹತ್ತಿಯಂಥದ್ದು ಬಂತು, ಇಲಿ ಗೂಡು ಅಂದಳು ಅಜ್ಜಿ, ಆಮೇಲೆ ಅವನೊಂದು ಸಣ್ಣ ಆಜ್ಞೆ ಬರೆದಿಟ್ಟ, ಯಂತ್ರ ಶುರುವಾದಾಗಲೆಲ್ಲ ಕಾರ್ಡಿನ ಫ್ಯಾನು ತಾನೇ ವೇಗ ಆರಿಸಿಕೊಳ್ಳುವುದನ್ನು ಬಿಟ್ಟು ನಾವು ಹೇಳಿದ ವೇಗದಲ್ಲಿ ತಿರುಗಬೇಕು, ಇನ್ಮೇಲೆ ಯಾವಾಗಲೂ ಫುಲ್ಲು, ಕೇಳು ಎಷ್ಟು ಸದ್ದಿಲ್ಲ, ಎಲ್ಲಾ ನನ್ನ ಬ್ರಷ್ಷಿನ ಮಹಿಮೆ ಅಂತ ಎದೆ ಉಬ್ಬಿಸಿದ, ಅದಾದ ಮೇಲೇ ಕಾರ್ಡು ಸಾಯತೊಡಗಿದ್ದು, ಫುಲ್ ಇಟ್ಟರೂ ಸಾಯ್ತಿದೆ ಅಂದ್ರೆ ಇನ್ನು ದೇವರೇ ಗತಿ ಅಂದ — ಆದರೆ ಮುಂಚೆ, ಬ್ರಷ್ಷಿಗೂ ಮುಂಚೆ, ಭಾರದ ಚಿತ್ರ ಬಂದಾಗ ಇದು ಕೂಗುತ್ತಿತ್ತು, ಕುಕ್ಕರಿನ ಉಗಿ ಬಿಟ್ಟ ಹಾಗೆ, ಆಗ ಸಾಯುತ್ತಿರಲಿಲ್ಲ, ಈಗ ಫುಲ್ಲಂತೆ, ಸದ್ದಿಲ್ಲವಂತೆ, ದಾರ ಹೀಗೆ ಜೋಲುತ್ತಿದೆ, ದಾರಕ್ಕೆ ಅಣ್ಣನ ಮುಲಾಜಿಲ್ಲ — ಅವನು ಬರೆದಿಟ್ಟದ್ದನ್ನು ತೆರೆಯುತ್ತೇನೆ, ಎಂದೂ ತೆರೆದಿರಲಿಲ್ಲ, ಅಣ್ಣ ಬರೆದದ್ದಲ್ಲವೇ, ಮೂರೇ ಸಾಲು, ಕೊನೆಯ ಸಾಲು ಫ್ಯಾನಿನ ವೇಗದ ಫೈಲಿಗೆ ಒಂದು ಸಂಖ್ಯೆಯನ್ನು ಕಳಿಸುತ್ತದೆ, ಲಿನಕ್ಸಿನಲ್ಲಿ ಫ್ಯಾನೂ ಒಂದು ಫೈಲೇ, ಬಿಸಿಯೂ ಒಂದು ಫೈಲೇ, ಓದಿದರೆ ಹೇಳುತ್ತದೆ, ಬರೆದರೆ ಕೇಳುತ್ತದೆ, ಈ ಕಾರಣಕ್ಕೇ ನನಗಿದು ಇಷ್ಟ — ನೂರು, ನೂರು ಅಂತ ಬರೆದಿದ್ದಾನೆ, ನೂರು ಅಂದರೆ ಪೂರ್ತಿ, ಸರಿಯೇ ಇದೆ, ಸರಿಯೇ — ಎಲ್ಲಿ ಹೇಳಿದೆ ನೂರೇ ಪೂರ್ತಿ ಅಂತ? ಪಕ್ಕದಲ್ಲೇ ಇನ್ನೊಂದು ಫೈಲಿದೆ, ಗರಿಷ್ಠ ಎಷ್ಟು ಎಂದು ಹೇಳುವ ಫೈಲು, ಓದು ಅನ್ನುತ್ತೇನೆ, ತೆರೆ ಹೇಳುತ್ತದೆ, ಇನ್ನೂರ ಐವತ್ತೈದು.

ಇನ್ನೂರ ಐವತ್ತೈದು, ಇನ್ನೂರ ಐವತ್ತೈದಕ್ಕೆ ನೂರು, ಪಾಪದ್ದು, ಇಡೀ ತಿಂಗಳು ಮೂಗು ಹಿಡಿದುಕೊಂಡು ಓಡಿದೆ ಇದು, ಓಡಲಾಗದೆ ಬಿದ್ದರೆ ಸತ್ತಿತು ಅಂದೆವು — ಇನ್ನೂರ ಐವತ್ತೈದನ್ನು ಆ ಫೈಲಿಗೆ ಕಳಿಸುತ್ತೇನೆ, ಅನುಮತಿ ಇಲ್ಲ ಅನ್ನುತ್ತದೆ ತೆರೆ, ಸರಿ, ಸುಡೊ ಸೇರಿಸುತ್ತೇನೆ, ಯಂತ್ರದ ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಅದರ ಅರ್ಥ, ಗುಪ್ತಪದ ಕೊಡುತ್ತೇನೆ, ಮತ್ತೆ ಅನುಮತಿ ಇಲ್ಲ, ಎಷ್ಟು ಕಂಡಿಲ್ಲ ನಾನು ಈ ಮಾತನ್ನು, ಹ್ಞೂಂ ಅಂದು ಎದ್ದು ಹೋಗುವವಳು ನಾನು — ಎದ್ದೂ ಇದ್ದೆ, ಕುರ್ಚಿ ಹಿಂದಕ್ಕೆ ಸರಿದಿತ್ತು, ಅಜ್ಜಿ ಕನ್ನಡಕದ ಮೇಲಿಂದ ನೋಡಿ ಏನಂತೆ ನಿನ್ನ ಗಾಳಿ ಅಂದಳು, ಬಿಡಲ್ಲ ಅಂತಿದೆ ಅಜ್ಜಿ ಒಳಗೆ, ನೀನು ಬಾಗಿಲು ಸರಿಯಾಗಿ ತಟ್ಟಿದ್ಯಾ, ನಿನ್ನ ತಟ್ಟೋದು ಬಾಗಿಲಿಗೇ ಕೇಳಿಸಲ್ಲ ಅಂದಳು, ನಕ್ಕು ಕೂತೆ, ಕೂತು ಮತ್ತೆ ಓದಿದೆ, ಓದಿದಾಗ ಹೊಳೆಯಿತು, ಅಧಿಕಾರ ಸಿಕ್ಕಿದ್ದು ಸಂಖ್ಯೆಯನ್ನು ಹೇಳುವ ಆಜ್ಞೆಗೆ ಮಾತ್ರ, ಫೈಲಿನ ಬಾಗಿಲು ತೆಗೆಯಲು ಹೋಗುತ್ತಿರುವವಳು ಇನ್ನೂ ನಾನೇ, ಬರಿಗೈಯ ನಾನು, ಬಾಗಿಲು ತೆಗೆಯುವ ಕೈಗೇ ಅಧಿಕಾರ ಕೊಡಬೇಕು, ಅದಕ್ಕೆ ಬೇರೆ ಆಜ್ಞೆಯಿದೆ, ಟೀ ಅಂತ ಅದರ ಹೆಸರು, ಸೇರಿಸಲು ಮೂರೇ ಸೆಕೆಂಡು, ಎಂಟರ್ —

ಮೊದಲು ಒಂದು ನಿಟ್ಟುಸಿರು, ಆಮೇಲೆ ಸಿಳ್ಳೆ, ಆಮೇಲೆ ಮೇಜೇ ಗುಂಯ್ ಅನ್ನುವ ಮೊರೆತ, ಅಜ್ಜಿಯ ಮಡಿಲಿಂದ ದಿಂಬಿನ ಚೀಲ ಜಾರಿತು, ಏನೇ ಇದು, ವಿಮಾನ ಎಬ್ಬಿಸಿದ್ಯಾ ಅನ್ನುತ್ತಿದ್ದಾಳೆ, ಕೇಳಿಸುತ್ತಿಲ್ಲ, ತುಟಿಯಿಂದ ಗೊತ್ತಾಯಿತು, ನಾನು ನೋಡುತ್ತಿರುವುದು ದಾರವನ್ನು, ದಾರ ನೆಟ್ಟಗಾಗಿದೆ, ಎಳೆದು ಹಿಡಿದ ಹಾಗೆ, ಅಳತೆಗೋಲಿನ ಹಾಗೆ, ತುದಿಯಷ್ಟೇ ನಡುಗುತ್ತದೆ, ಕೆಂಪಗೆ, ನನ್ನ ಮುಖದ ಕಡೆಗೆ — ಚಿತ್ರವನ್ನು ಮತ್ತೆ ಮೊದಲಿನಿಂದ ಬಿಡಿಸಲು ಹಚ್ಚುತ್ತೇನೆ, ಎಪ್ಪತ್ತು, ಎಪ್ಪತ್ತೆರಡು, ಎಪ್ಪತ್ತೆರಡು, ನಿಂತಿತು, ನಿಂತಿತು, ಅಲ್ಲೇ ನಿಂತಿತು — ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ, ಅವನ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಬಿಡಿಭಾಗದವನು, ಅಣ್ಣ ಕಿವಿ ಮುಚ್ಚಿಕೊಂಡು ಏನೋ ಅರಚುತ್ತಾನೆ, ಆಫ್ ಮಾಡು, ಸುಟ್ಟೋಗುತ್ತೆ, ಕೈ ಪ್ಲಗ್ಗಿನ ಕಡೆ ಚಾಚುತ್ತಾನೆ, ಪ್ಲಗ್ಗು ಕಿತ್ತರೆ ಬಿಡಿಸುತ್ತಿರುವ ಚಿತ್ರ ಹೋಯಿತು, ಮುಟ್ಟಬೇಡ ಅಂದೆ, ಪಿಸಪಿಸ ಎಲ್ಲಿ ಕೇಳಿಸಬೇಕು ಈ ಮೊರೆತದಲ್ಲಿ, ಅವನ ಬೆರಳು ಇನ್ನೂ ಹೋಗುತ್ತಿದೆ, ಮುಟ್ಟಬೇಡ ಅಣ್ಣ, ಕಾರ್ಡು ಸತ್ತಿಲ್ಲ, ಫ್ಯಾನಿಗೆ ಫುಲ್ ಅಂದ್ರೆ ಇನ್ನೂರ ಐವತ್ತೈದು, ನೀನು ನೂರು ಕೊಟ್ಟಿದ್ದೆ, ನಾನು ಇದನ್ನ ಯಾರಿಗೂ ಕೊಡಲ್ಲ — ಯಾರ ದನಿ ಅದು, ಎದೆಯ ತಳದಿಂದ ಬಂದದ್ದು, ಗಂಟಲಲ್ಲಿ ಉರಿ, ಫ್ಯಾನಿನ ಮೇಲೆ ಹತ್ತಿ ನಿಂತಂಥ ದನಿ, ಅಣ್ಣನ ಕೈ ಅಲ್ಲೇ ನಿಂತಿದೆ, ಬಾಯಿ ತೆರೆದೇ ಇದೆ, ನೂರು ಅಂದ್ರೆ ಫುಲ್ ತಾನೇ ಎಲ್ಲಾ ಕಡೆ ಅಂತ ಕೂಗಿದ, ಎಲ್ಲಾ ಕಡೆ ಅಲ್ಲ ಅಂತ ಕೂಗಿದೆ, ಹಾಗಾದ್ರೆ ಅವನು ಕೊಟ್ಟದ್ದು ನೂರಕ್ಕೆ ಎಷ್ಟಾಯ್ತೇ ಅಂತ ಅಜ್ಜಿಯೂ ಕೂಗಿದಳು, ಮೂವತ್ತೊಂಬತ್ತು ಅಜ್ಜಿ, ಅಯ್ಯೋ ಪಾಸಾಯ್ತಲ್ಲ ಬಿಡು, ಇವನಿಗೆ ಗಣಿತದಲ್ಲಿ ಯಾವತ್ತೂ ಅಷ್ಟೇ ಬಂದಿದ್ದು.

ಈ ಮೊರೆತದಲ್ಲಿ ಬದುಕುವುದು ಹೇಗೆ, ಕಾರ್ಡಿಗೆ ಬೇಕಾದಾಗಷ್ಟೇ ಗಾಳಿ ಬೇಕು, ಅಣ್ಣನ ಸಾಲು ಅಳಿಸಿ ಹೊಸ ಆಜ್ಞೆಯನ್ನು ಎಲ್ಲರ ಮುಂದೆಯೇ ಬರೆಯುತ್ತೇನೆ, ಬೆನ್ನ ಹಿಂದೆ ಮೂವರು ನಿಂತರೆ ನನ್ನ ಬೆರಳಿಗೆ ಅಕ್ಷರ ಮರೆಯುತ್ತಿತ್ತು, ಇವತ್ತು ಮರೆಯಲಿಲ್ಲ, ಬಿಸಿ ಐವತ್ತರೊಳಗಿದ್ದರೆ ಮೆಲ್ಲಗೆ ತಿರುಗು, ಐವತ್ತು ದಾಟಿದರೆ ಬಿಸಿ ಏರಿದ ಹಾಗೆ ನೀನೂ ಏರು, ಎಂಬತ್ತಕ್ಕೆ ಪೂರ್ತಿ, ಎರಡು ಸೆಕೆಂಡಿಗೊಮ್ಮೆ ನೋಡು — ಹಚ್ಚಿದೆ, ಮೊರೆತ ಇಳಿಯಲೇ ಇಲ್ಲ, ಅಣ್ಣನ ಮುಖದಲ್ಲಿ ಸಣ್ಣ ಆಸೆ ಮೂಡಿತು, ನಿನ್ನದೂ ತಪ್ಪೇ ಅನ್ನುವ ಆಸೆ, ಬಿಸಿಯ ಫೈಲನ್ನೇ ಓದಿ ನೋಡಿದೆ, ಎಪ್ಪತ್ತೆರಡು ಸಾವಿರ, ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ ಲೆಕ್ಕ ಇಡುತ್ತದೆ ಇದು, ನಾನು ಎಂಬತ್ತು ಬರೆದರೆ ಇದಕ್ಕೆ ಯಾವಾಗಲೂ ಪ್ರಳಯವೇ, ಅಣ್ಣನ ನೂರಿಗೂ ನನ್ನ ಎಂಬತ್ತಕ್ಕೂ ಒಂದೇ ರಕ್ತ, ನಾನೂ ನಿನ್ನ ತಂಗೀನೇ ಕಣೋ ಎಂದು ತೋರಿಸಿದೆ, ಅವನು ನಕ್ಕ, ಸಾವಿರದಿಂದ ಭಾಗಿಸಿದೆ, ಫ್ಯಾನು ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ದಾರ ಕೊಂಚ ಬಾಗಿತು, ಜೋಲಲಿಲ್ಲ, ಕೋಣೆಗೆ ಕೋಣೆಯ ಸದ್ದುಗಳು ಮರಳಿದವು, ಬೀದಿಯ ಸೈಕಲ್ ಗಂಟೆ, ಪಕ್ಕದ ಮನೆಯ ನಲ್ಲಿ, ಬಿಡಿಭಾಗದವನು ಬಗ್ಗಿ ಕಿಂಡಿಗೆ ಅಂಗೈ ಹಿಡಿದು, ಸತ್ತಿದೆ ಬನ್ನಿ ಅಂತ ಕರೆಸಿದ್ರಿ, ಹೆಣ ಎದ್ದು ಕೂತು ಉಸಿರಾಡ್ತಿದೆಯಲ್ಲ ಸ್ವಾಮಿ ಅಂದ, ಆಮೇಲೆ ನನ್ನ ಕಡೆ ತಿರುಗಿ, ಜೀವ ಇರೋ ಕಾರ್ಡು, ಇದಕ್ಕಿಂತ ಒಳ್ಳೇದೇ ಬದಲಿಗೆ ಕೊಡ್ತೀನಿ, ಏನಂತೀರ, ಕೇಳಿದ್ದು ಅಣ್ಣನನ್ನಲ್ಲ, ನನ್ನನ್ನು, ಅಣ್ಣ ಅಭ್ಯಾಸಬಲದಿಂದ ಬಾಯಿ ತೆರೆದ, ನನ್ನ ಹ್ಞೂಂ ಕೂಡ ಅಭ್ಯಾಸಬಲದಿಂದ ಗಂಟಲವರೆಗೆ ಬಂದಿತ್ತು — ಇಲ್ಲ, ಕೊಡಲ್ಲ ಅಂದೆ, ಮೊರೆತವಿಲ್ಲ, ಏರಿ ನಿಲ್ಲಲು ಫ್ಯಾನಿಲ್ಲ, ಆದರೂ ಅದೇ ದನಿ, ಬೀದಿಯವರೆಗೂ ಹೋಗಿರಬೇಕು, ಅವನು ಚೀಲ ಹೆಗಲಿಗೇರಿಸಿ, ಕೂಗಬೇಡಿ ತಾಯಿ, ಕೇಳಿಸ್ತು ಅಂದ, ಕೇಳಿಸ್ತು ಅಂದ, ನನಗೆ ಯಾರಾದರೂ ಹಾಗಂದದ್ದು ನೆನಪಿಲ್ಲ, ನೀರು ಕುಡಿದು ಹೋದ, ಅಣ್ಣ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ, ಈ ಭಾಗ ಏನು ಮಾಡುತ್ತೆ ಹೇಳು ಪಿಸ — ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ, ಹೆಸರು ಪೂರ್ತಿ ಮಾಡಲಿಲ್ಲ.

ಕಿಟಕಿಯ ಬಿಸಿಲು ಅಜ್ಜಿಯ ಕಾಲಿಂದ ಗೋಡೆಗೆ ಹತ್ತಿದೆ, ಎಪ್ಪತ್ತಾರು, ಎಪ್ಪತ್ತೇಳು, ಕೈ ಬಂತು, ಸುಕ್ಕು ಬಂತು, ಇನ್ನು ಆ ಜಾಗ, ಅಜ್ಜಿಯನ್ನು ಕರೆದೆ, ತೆರೆಯ ಮುಂದೆ ಕೂರಿಸಿದೆ, ಯಾರದೇ ಈ ಕೈ, ಉಗುರು ನೋಡು, ನನ್ನದೇ ಇದ್ದ ಹಾಗಿದೆ, ನಿನ್ನದೇ ಅಜ್ಜಿ, ಅಯ್ಯೋ ಇಷ್ಟು ಮುದಿಯೇನೇ ನಾನು ಅಂದಳು, ತನ್ನ ಕೈಯನ್ನು ತೆರೆಯ ಪಕ್ಕ ಹಿಡಿದು ನೋಡಿದಳು, ಸೂಜಿಯ ಕಣ್ಣು ದೊಡ್ಡದಾಗುತ್ತಿದೆ, ಅವಳಿಗೂ ಕಾಣುವಷ್ಟು, ಬಾಗಿಲಿನಷ್ಟು, ಫ್ಯಾನು ಏರುತ್ತಿದೆ, ಬೇಕಾದಷ್ಟೇ, ಎಪ್ಪತ್ತೆಂಟು, ಐದು ಸಲ ಸತ್ತ ಜಾಗ ಇದು, ಅಣ್ಣ ಉಸಿರು ಹಿಡಿದಿದ್ದಾನೆ, ನಾನು ಹಿಡಿದಿಲ್ಲ, ಎಪ್ಪತ್ತೆಂಟು, ಎಪ್ಪತ್ತೆಂಟು, ಬೆಳಕು ಬಂತು, ಎಳೆ ಎಳೆಯ ಮೇಲೂ ಬಂತು, ಹೋಯ್ತು ನೋಡು ಒಳಗೆ, ಕಂಡಿತು ನಂಗೆ ಅನ್ನುತ್ತಿದ್ದಾಳೆ ಅಜ್ಜಿ, ಕಂಡಿತು ನಂಗೆ, ಕಳಿಸಬೇಕು, ಸಂಜೆಯೊಳಗೆ, ಇನ್ನೂ ಹೊತ್ತಿದೆ, ಕರೆದು ಮಾತಾಡಿಸಿದರೂ ಮಾತಾಡುತ್ತೇನೆ, ಮೇಜಿನಾಚೆ ಮೂವರಲ್ಲ ಮೂವತ್ತು ಜನ ಕೂರಲಿ, ತೆರೆಯಲ್ಲಿ ದಾರ, ಕಿಂಡಿಯಲ್ಲಿ ದಾರ, ಯಾವುದು ಯಾವುದೆಂದು ಈಗ ತಿಳಿಯುತ್ತಿಲ್ಲ, ಕೆಂಪಗೆ, ತುದಿಯಷ್ಟೇ ನಡುಗುತ್ತಾ, ನೆಟ್ಟಗೆ, ದಾರ, ನೆಟ್ಟಗೆ —